ಸಾಂಕವಾಳದ ಜ್ಞಾನಯಾತ್ರಿ ಧರ್ಮಾನಂದ ಕೋಸಂಬಿ

ವಾಸ್ಕೊದಿಂದ ಕುಠ್ಠಾಳಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸಾಂಕವಾಳವೆಂಬ ಗ್ರಾಮವಿದೆ. ಜುವಾರಿನಗರವು ಈ ಗ್ರಾಮದ ಎಲ್ಲೆಯೊಳಗೇ ಇರುವುದರಿಂದ ನಮ್ಮ ವಾಚಕರಲ್ಲಿ ಅನೇಕರಿಗೆ ಅದು ಹೊಸ ಹೆಸರಲ್ಲ. ವಿಜಾಪುರ, ಗದಗ, ಕೊಪ್ಪಳಗಳ ಕಡೆಯಿಂದ ದುಡಿಮೆಯನ್ನರಸಿ ಬಂದ ಎಷ್ಟೋ ಕುಟುಂಬಗಳು ಆ ಗುಡ್ಡದ ಮೇಲೆ ಮನೆಮಾಡಿಕೊಂಡಿವೆ. ಹದಿನಾರನೆಯ ಶತಮಾನದ ಕಷ್ಟಕಾಲದಲ್ಲಿ ಲಕ್ಷ್ಮೀನರಸಿಂಹ ದೇವರು ವೆಲಿಂಗಕ್ಕೂ ವಿಜಯದುರ್ಗಾದೇವಿಯು ಕೇರಿಗೂ ಸ್ಥಳಾಂತರಗೊಂಡದ್ದು ಈ ಊರಿನಿಂದಲೇ. ಮುಂಭಾಗದ ಗೋಡೆಯೊಂದೇ ಉಳಿದು ನಿಂತಿರುವ ಹಳೆಯ ಇಗರ್ಜಿಯನ್ನು ಕಂಡವರೂ ಇರಬಹುದು. ಆದರೆ ಸಿಂಹಳ, ಬ್ರಹ್ಮದೇಶ, ಅಮೆರಿಕ, ರಷ್ಯಾಗಳ ವಿದ್ವಾಂಸರು ಗೌರವಿಸಿದ ಮಹಾಪಂಡಿತರೊಬ್ಬರು ಇದೇ ಊರಿನ ತೆಂಗಿನ ತೋಟದಿಂದ ಎದ್ದು ಹೋದವರೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಅವರೇ ಆಚಾರ್ಯ ಧರ್ಮಾನಂದ ಕೋಸಂಬಿಯವರು.

ಕೋಸಂಬಿ ಎಂದೊಡನೆ ಓದಿದವರಿಗೆ ನೆನಪಾಗುವುದು ದಾಮೋದರ ಧರ್ಮಾನಂದ ಕೋಸಂಬಿಯವರ ಹೆಸರು. ಅವರು ಗಣಿತಜ್ಞರು, ಭಾರತದ ಇತಿಹಾಸವನ್ನು ಹೊಸ ದೃಷ್ಟಿಯಿಂದ ಬರೆದವರು. ಪಣಜಿಯಲ್ಲಿ ಅವರ ಹೆಸರಿನಲ್ಲಿ ವಿಚಾರೋತ್ಸವಗಳು ನಡೆದಿವೆ. ಈ ಲೇಖನವು ಅವರ ತಂದೆಯನ್ನು ಕುರಿತದ್ದು. ಮಗನ ಕೀರ್ತಿಯ ಬೆಳಕಿನಲ್ಲಿ ತಂದೆಯ ಕಥೆ ಮರೆಯಾಗಬಾರದು. ಏಕೆಂದರೆ ಬಾಳಿನ ದಾರಿಯನ್ನು ಆರಿಸಿಕೊಳ್ಳಬೇಕಾದ ವಯಸ್ಸಿನಲ್ಲಿರುವ ಮಕ್ಕಳಿಗೂ, ಅವರ ವಿಷಯದಲ್ಲಿ ಚಿಂತಿಸುವ ತಂದೆತಾಯಿಗಳಿಗೂ ಆ ಕಥೆಯಲ್ಲಿ ತಿಳಿದುಕೊಳ್ಳಬೇಕಾದುದು ಬಹಳವಿದೆ.

ತೋಟದ ಹುಡುಗ

ಧರ್ಮಾನಂದರು 1876ನೆಯ ಇಸವಿಯ ಅಕ್ಟೋಬರ್ 9ರಂದು ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ತಂದೆ ದಾಮೋದರ, ತಾಯಿ ಆನಂದೀಬಾಯಿ. ಗೋವೆಯು ಆಗ ಪೋರ್ತುಗೀಸರ ಆಳ್ವಿಕೆಯಲ್ಲಿತ್ತು. ಸರಕಾರದ ಭಾಷೆ ಪೋರ್ತುಗೀಸ್, ಮನೆಯ ಭಾಷೆ ಕೊಂಕಣಿ, ಹಿಂದೂ ಮಕ್ಕಳು ಅಕ್ಷರ ಕಲಿಯುತ್ತಿದ್ದುದು ಮರಾಠಿಯಲ್ಲಿ. ಆ ಮರಾಠಿ ವಿದ್ಯೆಯೂ ಈ ಹುಡುಗನಿಗೆ ಕೆಲವು ವರ್ಷಗಳ ಮಟ್ಟಿಗೆ ಮಾತ್ರ ದೊರೆಯಿತು. ಮೈಯಲ್ಲಿ ಬಲ ಕಡಮೆ. ಮನೆಯಲ್ಲಿ ಹಣದ ಅಡಚಣೆ. ಹದಿಹರೆಯದಲ್ಲಿಯೇ ಶಾಲೆಯನ್ನು ಬಿಟ್ಟು ಮನೆಯ ತೆಂಗಿನ ತೋಟದ ಉಸ್ತುವಾರಿಗೆ ನಿಲ್ಲಬೇಕಾಯಿತು. ಆ ಕಾಲದ ಪದ್ಧತಿಯಂತೆ ಬಾಲ್ಯದಲ್ಲಿಯೇ ವಿವಾಹವೂ ಆಯಿತು. ಪತ್ನಿಯ ಹೆಸರು ಬಾಳಾಬಾಯಿ.

ಹೊರಗಿನಿಂದ ನೋಡುವವರಿಗೆ ಆ ತರುಣನ ಬಾಳಿನ ರೇಖೆಗಳೆಲ್ಲ ಬರೆದು ಮುಗಿದಂತೆ ಕಾಣುತ್ತಿದ್ದವು. ಮರ ಹತ್ತಿಸುವುದು, ಕಾಯಿ ಎಣಿಸುವುದು, ಸಾಲದ ಬಡ್ಡಿ ಕಟ್ಟುವುದು, ಸಂಸಾರ ನಡೆಸುವುದು. ಆದರೆ ಒಳಗೆ ದೊಡ್ಡ ಅಶಾಂತಿಯಿತ್ತು. ಕೈಗೆ ಸಿಕ್ಕ ಮರಾಠಿ ಪುಸ್ತಕಗಳನ್ನೆಲ್ಲ ಓದುತ್ತಿದ್ದರು. ತುಕಾರಾಮರ ಅಭಂಗಗಳಲ್ಲಿ ಸಮಾಧಾನವನ್ನು ಹುಡುಕುತ್ತಿದ್ದರು. ಹೀಗಿರುವಾಗ ಬಾಲಬೋಧವೆಂಬ ಮಕ್ಕಳ ಮಾಸಪತ್ರಿಕೆಯಲ್ಲಿ ಬಂದ ಬುದ್ಧನ ಚರಿತ್ರೆಯು ಅವರ ಕಣ್ಣಿಗೆ ಬಿದ್ದಿತು. ಮಕ್ಕಳಿಗಾಗಿ ಬರೆದ ಚಿಕ್ಕ ಲೇಖನವದು. ಅದನ್ನೋದಿದ ಮೇಲೆ ಅವರ ಮನಸ್ಸಿನಲ್ಲಿ ಒಂದೇ ಒಂದು ಹಂಬಲ ನೆಲೆಯೂರಿತು: ಈ ಮಹಾತ್ಮನು ಬೋಧಿಸಿದ ಧರ್ಮವನ್ನು ಮೂಲದಿಂದಲೇ ತಿಳಿಯಬೇಕು.

ಹೇಗೆ ತಿಳಿಯುವುದು? ಅದಕ್ಕೆ ಯಾವ ಭಾಷೆ ಬೇಕು? ಗ್ರಂಥಗಳು ಎಲ್ಲಿವೆ? ಗುರುಗಳು ಯಾರು? ಕಲಿತ ಮೇಲೆ ಹೊಟ್ಟೆಪಾಡೇನು? ಇವಾವುದಕ್ಕೂ ಅವರಲ್ಲಿ ಉತ್ತರವಿರಲಿಲ್ಲ. ಬೌದ್ಧಧರ್ಮವು ಭರತಖಂಡದ ಬಹುಭಾಗದಲ್ಲಿ ಅಳಿದುಹೋಗಿ ಶತಮಾನಗಳೇ ಸಂದಿದ್ದವು. ಪಾಳಿ ಎಂಬ ಭಾಷೆಯನ್ನು ಕಲಿಸುವವರು ಅವರ ಸೀಮೆಯಲ್ಲಿ ಒಬ್ಬರೂ ಇರಲಿಲ್ಲ. ಗುರಿ ಎಂಬುದು ಸಾಮಾನ್ಯವಾಗಿ ಒಂದು ಊರಿನ ಹೆಸರಿನಂತಿರುತ್ತದೆ. ಅಲ್ಲಿಗೆ ಹೋಗುವ ರಸ್ತೆಯೂ, ತಲಪಿದೆವೆಂಬ ಗುರುತೂ ಮೊದಲೇ ತಿಳಿದಿರುತ್ತವೆ. ಕೋಸಂಬಿಯವರ ಗುರಿಯು ದಿಕ್ಕಿನಂತಿತ್ತು. ಆ ಕಡೆಗೆ ನಡೆಯಬೇಕೆಂಬುದಷ್ಟೇ ಅವರಿಗೆ ಗೊತ್ತಿತ್ತು.

ಗೃಹತ್ಯಾಗ

1898ರಲ್ಲಿ ತಂದೆಯವರು ತೀರಿಕೊಂಡರು. ಮರುವರ್ಷ ಚೊಚ್ಚಲ ಮಗಳು ಮಾಣಿಕ ಹುಟ್ಟಿದಳು. ಅದೇ 1899ರ ಕೊನೆಯಲ್ಲಿ, ಇಪ್ಪತ್ತಮೂರರ ಪ್ರಾಯದಲ್ಲಿ, ಧರ್ಮಾನಂದರು ಮನೆಯನ್ನು ಬಿಟ್ಟು ಪುಣೆಯ ದಾರಿ ಹಿಡಿದರು.

ಈ ಘಟನೆಯನ್ನು ಬರಿಯ ಪ್ರಶಂಸೆಯಿಂದ ಹೇಳಿ ಮುಂದೆ ಸಾಗುವುದು ನ್ಯಾಯವಲ್ಲ. ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡ ಎಳೆಯ ಪತ್ನಿಯನ್ನು ಬಿಟ್ಟು ಹೋದುದು ಸಣ್ಣ ಸಂಗತಿಯಲ್ಲ. ಸಿದ್ಧಾರ್ಥನ ಕಥೆಯಲ್ಲಿ ಯಶೋಧರೆಗೆ ಅರಮನೆಯ ಆಸರೆಯಿತ್ತು. ಬಾಳಾಬಾಯಿಯವರಿಗೆ ಇದ್ದುದು ಬಂಧುಗಳ ಮನೆ ಮಾತ್ರ. ಗಂಡನು ಮರಳುವನೋ ಇಲ್ಲವೋ ಎಂಬುದು ತಿಳಿಯದೆ, ನೆರೆಹೊರೆಯವರ ಮಾತುಗಳನ್ನು ಕೇಳುತ್ತ, ಆಕೆ ಸುಮಾರು ಏಳು ವರ್ಷಗಳನ್ನು ಕಳೆದರು. ಕೋಸಂಬಿಯವರ ಧೈರ್ಯವನ್ನು ಕೊಂಡಾಡುವಾಗ ಆ ಧೈರ್ಯದ ಬೆಲೆಯಲ್ಲಿ ಅರ್ಧವನ್ನು ತೆತ್ತವರು ಬಾಳಾಬಾಯಿಯವರು ಎಂಬುದನ್ನು ನಾವು ನೆನೆಯಲೇಬೇಕು.

ಕಾಶಿಯಿಂದ ಸಿಂಹಳಕ್ಕೆ

ಬುದ್ಧನನ್ನು ತಿಳಿಯಲು ಮೊದಲು ಸಂಸ್ಕೃತ ಬೇಕೆಂದು ಕೋಸಂಬಿಯವರು ಭಾವಿಸಿದರು. ಪುಣೆಯಲ್ಲಿ ಡಾಕ್ಟರ್ ರಾಮಕೃಷ್ಣ ಗೋಪಾಲ ಭಾಂಡಾರಕರ ಅವರ ಆಶ್ರಯವು ದೊರೆಯಿತು. ಆದರೆ ಅಲ್ಲಿ ನಿಂತು ಓದುವಷ್ಟು ಅನುಕೂಲ ಒದಗಲಿಲ್ಲ. ಬಡ ಬ್ರಾಹ್ಮಣ ವಿದ್ಯಾರ್ಥಿಗಳಿಗೆ ಕಾಶಿಯ ಅನ್ನಛತ್ರಗಳಲ್ಲಿ ಊಟ ಸಿಗುವುದೆಂದು ಕೇಳಿ, ಮಧ್ಯಭಾರತದ ಊರುಗಳ ಮೂಲಕ 1900ರಲ್ಲಿ ಕಾಶಿಯನ್ನು ಸೇರಿದರು. ಛತ್ರದ ಅನ್ನ, ಗುರುಗಳ ಮನೆಯ ಪಾಠ, ವ್ಯಾಕರಣದ ಕಂಠಪಾಠ. ಹೀಗೆ ಎರಡು ವರ್ಷಗಳು ಸಂದವು.

ಸಂಸ್ಕೃತವು ಕೈಗೂಡಿದ ಮೇಲೆ, ಬೌದ್ಧಧರ್ಮವು ಇನ್ನೂ ಜೀವಂತವಾಗಿದೆಯೆಂದು ಕೇಳಿದ್ದ ನೇಪಾಳಕ್ಕೆ 1902ರಲ್ಲಿ ಹೋದರು. ಅಲ್ಲಿ ಕಂಡ ಆಚರಣೆಗಳಿಂದ ಅವರಿಗೆ ನಿರಾಶೆಯೇ ಆಯಿತು. ಇಷ್ಟು ಕಷ್ಟಪಟ್ಟು ಬಂದುದು ವ್ಯರ್ಥವಾಯಿತೆಂದು ಊರಿಗೆ ಮರಳುವವರೇ ಹೆಚ್ಚು. ಕೋಸಂಬಿಯವರು ತಾವು ಹಿಡಿದ ಹಾದಿ ತಪ್ಪೆಂದು ಒಪ್ಪಿಕೊಂಡರು; ಹಂಬಲ ತಪ್ಪೆಂದು ಒಪ್ಪಿಕೊಳ್ಳಲಿಲ್ಲ. ಬುದ್ಧಗಯೆಗೆ ಬಂದು ವಿಚಾರಿಸಿದಾಗ ಸಿಂಹಳದಲ್ಲಿ ಪಾಳಿಯ ಅಧ್ಯಯನವು ನಡೆಯುತ್ತಿರುವ ಸಂಗತಿ ತಿಳಿಯಿತು. ಕಲ್ಕತ್ತೆಯ ಮಹಾಬೋಧಿ ಸಭೆಯ ನೆರವಿನಿಂದ ಅದೇ ವರ್ಷ ಹಡಗನ್ನೇರಿ ಕೊಲಂಬೊ ಸೇರಿದರು.

ಕೊಲಂಬೊದ ವಿದ್ಯೋದಯ ಪರಿವೇಣವು ಆಗ ಬೌದ್ಧ ವಿದ್ಯೆಯ ಹೆಸರಾಂತ ಕೇಂದ್ರವಾಗಿತ್ತು. ಸುಮಂಗಲ ಮಹಾಸ್ಥವಿರರು ಅದರ ಪ್ರಧಾನಾಚಾರ್ಯರು. ಸಾಂಕವಾಳದ ಲೇಖನವನ್ನೋದಿ ಸುಮಾರು ಐದು ವರ್ಷಗಳ ಮೇಲೆ, ಬುದ್ಧನ ವಚನಗಳ ಭಾಷೆಯನ್ನು ಕಲಿಸುವ ಗುರುವಿನ ಮುಂದೆ ಅವರು ಕುಳಿತರು. ಪಾಳಿಗೆ ತನ್ನದೇ ಆದ ಲಿಪಿಯಿಲ್ಲ. ಸಿಂಹಳದಲ್ಲಿ ಸಿಂಹಳ ಲಿಪಿಯಲ್ಲಿಯೂ, ಬ್ರಹ್ಮದೇಶದಲ್ಲಿ ಅಲ್ಲಿಯ ಲಿಪಿಯಲ್ಲಿಯೂ, ಸಯಾಮಿನಲ್ಲಿ ಸಯಾಮೀ ಲಿಪಿಯಲ್ಲಿಯೂ ಅದನ್ನು ಬರೆಯುತ್ತಾರೆ. ಆದುದರಿಂದ ಒಂದು ಭಾಷೆಗಾಗಿ ಹಲವು ಲಿಪಿಗಳನ್ನು ಕಲಿಯಬೇಕಾಯಿತು. ಕೋಸಂಬಿಯವರು ಅಲ್ಲಿಯೇ ಶ್ರಾಮಣೇರ ದೀಕ್ಷೆಯನ್ನು ಪಡೆದರು. ಆದರೆ ಸಿಂಹಳದ ಆಹಾರವು ಅವರ ದೇಹಕ್ಕೆ ಒಗ್ಗಲಿಲ್ಲ. ಮದರಾಸಿಗೆ ಬಂದು, ಅಲ್ಲಿಂದ ಬ್ರಹ್ಮದೇಶಕ್ಕೆ ತೆರಳಿ, 1904ರಲ್ಲಿ ರಂಗೂನಿನಲ್ಲಿ ಭಿಕ್ಷುವಾದರು. ಅದೇ ವರ್ಷ ಸಾರನಾಥ, ಕುಶಿನಗರ ಮೊದಲಾದ ಕ್ಷೇತ್ರಗಳನ್ನು ಸಂದರ್ಶಿಸಿ ಮತ್ತೆ ಬ್ರಹ್ಮದೇಶಕ್ಕೆ ಹೋಗಿ ಧ್ಯಾನ ಮತ್ತು ಅಧ್ಯಯನಗಳಲ್ಲಿ ನಿರತರಾದರು.

ಕಾಷಾಯವನ್ನು ಕಳಚಿದ ಧೈರ್ಯ

ಕಥೆಯು ಇಲ್ಲಿಗೆ ಮುಗಿದಿದ್ದರೆ ಧರ್ಮಾನಂದರು ಸನ್ಯಾಸಿಗಳ ಸಾಲಿನಲ್ಲಿ ಒಬ್ಬರಾಗಿರುತ್ತಿದ್ದರು. ಆದರೆ ತಾನು ಪಡೆದ ವಿದ್ಯೆಯು ತನ್ನಲ್ಲಿಯೇ ಉಳಿದರೆ ಫಲವೇನೆಂಬ ಪ್ರಶ್ನೆಯು ಅವರನ್ನು ಕಾಡತೊಡಗಿತು. ಬುದ್ಧನ ನಾಡಿನಲ್ಲಿಯೇ ಬುದ್ಧನ ಮಾತು ಅಪರಿಚಿತವಾಗಿತ್ತು. 1906ರಲ್ಲಿ ಕಲ್ಕತ್ತೆಗೆ ಬಂದ ಅವರು ಕಾಷಾಯವನ್ನು ಕಳಚಿ ಅಧ್ಯಾಪಕರಾದರು. ಬಹುಭಾಷಾ ಪಂಡಿತರಾದ ಹರಿನಾಥ ಡೇ ಅವರ ಸ್ನೇಹವು ದೊರೆಯಿತು. ಸ್ವದೇಶೀ ಚಳವಳಿಯ ಕಾಲದಲ್ಲಿ ಹುಟ್ಟಿಕೊಂಡ ರಾಷ್ಟ್ರೀಯ ಕಾಲೇಜಿನಲ್ಲಿಯೂ, ಮುಂದೆ ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿಯೂ ಪಾಳಿ ಭಾಷೆಯನ್ನು ಕಲಿಸಿದರು. ಅದೇ ವರ್ಷ ಗೋವೆಗೆ ಬಂದು ಪತ್ನಿಯನ್ನು ಕಂಡು ಸಂಸಾರವನ್ನು ಮತ್ತೆ ಕೂಡಿಕೊಂಡರು. 1907ರಲ್ಲಿ ಮಗ ದಾಮೋದರನು ಹುಟ್ಟಿದನು. ಅನಂತರ ಮನೋರಮಾ ಮತ್ತು ಕಮಲಾ ಎಂಬ ಇಬ್ಬರು ಹೆಣ್ಣುಮಕ್ಕಳು.

ಸಂಸಾರವನ್ನು ಬಿಟ್ಟು ಹೋಗಲು ಧೈರ್ಯ ಬೇಕೆಂದು ಎಲ್ಲರೂ ಹೇಳುತ್ತಾರೆ. ಕಾಷಾಯ ತೊಟ್ಟವನು ಜನರ ಕಣ್ಣೆದುರಿಗೇ ಅದನ್ನು ಕಳಚಿ, ತಾನು ಬಿಟ್ಟುಹೋದ ಹೆಂಡತಿಯ ಮುಂದೆ ಬಂದು ನಿಲ್ಲುವುದಕ್ಕೆ ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಕೋಸಂಬಿಯವರಿಗೆ ವೇಷವು ಸಾಧನವಾಗಿತ್ತು. ಅದರ ಕೆಲಸ ಮುಗಿದಾಗ ಅದನ್ನು ಮಡಿಸಿಟ್ಟರು.

ಕಲ್ಕತ್ತೆಯ ಕೆಲಸವು ಗೌರವದ್ದು, ಸಂಬಳವೂ ಸಾಕಷ್ಟಿತ್ತು. ಆದರೆ ತಮ್ಮ ನಾಡಿನ ಜನರಿಗೆ ಅವರ ಭಾಷೆಯಲ್ಲಿಯೇ ಬುದ್ಧನನ್ನು ಪರಿಚಯ ಮಾಡಿಕೊಡಬೇಕೆಂಬ ಆಸೆ ಅವರಲ್ಲಿ ಬಲವಾಗಿತ್ತು. ಬಡೋದೆಯ ಮಹಾರಾಜರಾದ ಸಯಾಜಿರಾವ್ ಗಾಯಕವಾಡರು, ಮಹಾರಾಷ್ಟ್ರದಲ್ಲಿ ನೆಲಸಿ ಗ್ರಂಥರಚನೆ ಮಾಡುವುದಾದರೆ ತಿಂಗಳಿಗೆ 50 ರೂಪಾಯಿಗಳಂತೆ ಮೂರು ವರ್ಷ ಕೊಡುವುದಾಗಿ ತಿಳಿಸಿದರು. ಕೋಸಂಬಿಯವರು ಹೆಚ್ಚಿನ ಸಂಬಳವನ್ನು ಬಿಟ್ಟು ಈ ಕಡಮೆ ವೇತನವನ್ನು ಸ್ವೀಕರಿಸಿದರು. ಬುದ್ಧ, ಧರ್ಮ, ಸಂಘ ಎಂಬ ಅವರ ಮರಾಠಿ ಪುಸ್ತಕವು 1910ರಲ್ಲಿ ಹೊರಬಂದಿತು. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಪಾಳಿಗೆ ಸ್ಥಾನ ದೊರಕಿಸಿಕೊಡುವುದರಲ್ಲಿಯೂ ಭಾಂಡಾರಕರರೊಡನೆ ಅವರ ಪಾತ್ರ ದೊಡ್ಡದು.

ಸಮುದ್ರದಾಚೆಯ ಕಾರ್ಯ

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಒಂದು ಮಹತ್ಕಾರ್ಯವು ಅರ್ಧದಲ್ಲಿ ನಿಂತಿತ್ತು. ಐದನೆಯ ಶತಮಾನದಲ್ಲಿ ಬುದ್ಧಘೋಷಾಚಾರ್ಯರು ಸಿಂಹಳದಲ್ಲಿ ರಚಿಸಿದ ವಿಸುದ್ಧಿಮಗ್ಗವು ಶೀಲ, ಸಮಾಧಿ, ಪ್ರಜ್ಞೆಗಳನ್ನು ವಿವರಿಸುವ ದೊಡ್ಡ ಪಾಳಿ ಗ್ರಂಥ. ಹೆನ್ರಿ ಕ್ಲಾರ್ಕ್ ವಾರನ್ ಎಂಬ ವಿದ್ವಾಂಸರು ಅದರ ಶುದ್ಧಪಾಠವನ್ನು ಸಿದ್ಧಪಡಿಸುತ್ತಿದ್ದು, 1899ರಲ್ಲಿ, ಅಂದರೆ ಧರ್ಮಾನಂದರು ಮನೆ ಬಿಟ್ಟ ವರ್ಷದಲ್ಲಿಯೇ, ಕಾಲವಾಗಿದ್ದರು. ಹಾರ್ವರ್ಡಿನ ಪ್ರಾಧ್ಯಾಪಕ ಜೇಮ್ಸ್ ವುಡ್ಸ್ ಅವರ ಆಹ್ವಾನದಂತೆ ಕೋಸಂಬಿಯವರು 1910ರಲ್ಲಿ ಆ ಕೆಲಸಕ್ಕಾಗಿ ಅಮೆರಿಕಕ್ಕೆ ಹೊರಟರು. ಯಾವ ಪರೀಕ್ಷೆಯನ್ನೂ ಪಾಸು ಮಾಡದ, ಯಾವ ಪದವಿಯೂ ಇಲ್ಲದ, ಇಂಗ್ಲಿಷನ್ನು ಸ್ವಪ್ರಯತ್ನದಿಂದ ಕಲಿತ ಸಾಂಕವಾಳದ ತೋಟಗಾರನು ಜಗತ್ಪ್ರಸಿದ್ಧ ವಿಶ್ವವಿದ್ಯಾನಿಲಯದಲ್ಲಿ ಗ್ರಂಥಸಂಪಾದನೆಗೆ ಕುಳಿತನು.

ಅಲ್ಲಿ ಕೆಲಸವು ಸಸೂತ್ರವಾಗಿ ನಡೆಯಲಿಲ್ಲ. ಸಂಪಾದನೆಯ ಶ್ರೇಯಸ್ಸು ಯಾರ ಹೆಸರಿಗೆ ಸಲ್ಲಬೇಕೆಂಬ ವಿಷಯದಲ್ಲಿ ಪ್ರಾಧ್ಯಾಪಕ ಲ್ಯಾನ್‌ಮನ್ ಅವರೊಡನೆ ಭಿನ್ನಾಭಿಪ್ರಾಯ ಬಂದಿತು. ತಮ್ಮ ಪರಿಶ್ರಮಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಬಿಟ್ಟುಕೊಡಲೊಪ್ಪದೆ ಕೋಸಂಬಿಯವರು 1912ರಲ್ಲಿ ಸ್ವದೇಶಕ್ಕೆ ಹಿಂದಿರುಗಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಳಿ ಪ್ರಾಧ್ಯಾಪಕರಾದರು. ಆರು ವರ್ಷಗಳ ಆ ಅವಧಿಯಲ್ಲಿ ಅವರ ಬಳಿ ಕಲಿತವರಲ್ಲಿ ಪಿ. ವಿ. ಬಾಪಟರಂತಹ ಪಂಡಿತರಿದ್ದರು. ಮುಂದೆ 1918ರಿಂದ 1922ರವರೆಗೆ ಎರಡನೆಯ ಸಲ, 1926ರಲ್ಲಿ ಮೂರನೆಯ ಸಲ, 1931ರಲ್ಲಿ ನಾಲ್ಕನೆಯ ಸಲ ಅದೇ ಗ್ರಂಥಕ್ಕಾಗಿ ಹಾರ್ವರ್ಡಿಗೆ ಹೋದರು. ಎರಡನೆಯ ಪ್ರಯಾಣದಲ್ಲಿ ಮಗಳು ಮಾಣಿಕಳನ್ನೂ ಮಗ ದಾಮೋದರನನ್ನೂ ಜೊತೆಗೆ ಕರೆದುಕೊಂಡು ಹೋದರು. ಹಸುಗೂಸಾಗಿದ್ದಾಗ ತಂದೆ ಬಿಟ್ಟುಹೋಗಿದ್ದ ಆ ಮಗಳು ಅಮೆರಿಕದ ರ‍್ಯಾಡ್‌ಕ್ಲಿಫ್ ಕಾಲೇಜಿನಲ್ಲಿ ಪದವಿ ಪಡೆದಳು. ತಂದೆಯು ತನ್ನ ಋಣವನ್ನು ತೀರಿಸಿದ ಬಗೆ ಇದೆಂದು ತಿಳಿಯಬಹುದು.

ಒಂದೇ ಪುಸ್ತಕಕ್ಕಾಗಿ ನಾಲ್ಕು ಬಾರಿ ಕಡಲನ್ನು ದಾಟಿದ ಈ ತಾಳ್ಮೆಯನ್ನು ನಾವು ಗಮನಿಸಬೇಕು. ಮನೆ ಬಿಡುವ ಧೈರ್ಯವು ಒಂದು ದಿನದ್ದು; ಅರ್ಧಕ್ಕೆ ನಿಂತ ಕೆಲಸಕ್ಕೆ ಮತ್ತೆ ಮತ್ತೆ ಕೈಹಾಕುವ ಧೈರ್ಯವು ಇಪ್ಪತ್ತೆರಡು ವರ್ಷಗಳದ್ದು.

ಸತ್ಯಾಗ್ರಹದ ಕಣದಲ್ಲಿ

ಗ್ರಂಥಭಂಡಾರದಲ್ಲಿ ಕುಳಿತವರಿಗೆ ಹೊರಗಿನ ಜನರ ಕಷ್ಟ ಕಾಣದೆಂಬ ಮಾತು ಕೋಸಂಬಿಯವರಿಗೆ ಅನ್ವಯಿಸದು. ಅಮೆರಿಕದಲ್ಲಿದ್ದಾಗಲೇ ಅವರು ಸಮಾಜವಾದದ ವಿಚಾರಗಳನ್ನು ಪರಿಚಯ ಮಾಡಿಕೊಂಡಿದ್ದರು. 1922ರಲ್ಲಿ ಮರಳಿದ ಮೇಲೆ ಗಾಂಧೀಜಿಯವರು ಸ್ಥಾಪಿಸಿದ ಅಹಮದಾಬಾದಿನ ಗುಜರಾತ ವಿದ್ಯಾಪೀಠವನ್ನು ಸೇರಿದರು. ಬೆಳಗಾವಿ ಬಳಿಯ ಬೆಳಗುಂದಿಯ ಮನೆತನದ ಕಾಕಾಸಾಹೇಬ ಕಾಲೇಲಕರರು ಅವರ ಆಪ್ತಮಿತ್ರರಾಗಿದ್ದರು. 1929ರಲ್ಲಿ ರಷ್ಯಾದ ಲೆನಿನ್‌ಗ್ರಾಡಿಗೂ ಹೋಗಿ ಅಲ್ಲಿಯ ಬೌದ್ಧ ವಿದ್ವಾಂಸರೊಡನೆ ಕೆಲಸ ಮಾಡಿ ಬಂದರು.

1930ರಲ್ಲಿ ಉಪ್ಪಿನ ಸತ್ಯಾಗ್ರಹವು ದೇಶವನ್ನೆಲ್ಲ ವ್ಯಾಪಿಸಿತು. ನಮ್ಮ ಉತ್ತರ ಕನ್ನಡದ ಅಂಕೋಲೆಯಲ್ಲಿ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕಾಯಿದೆ ಮುರಿದ ಸಂಗತಿಯನ್ನು ವಾಚಕರು ಬಲ್ಲರು. ಗೋವೆಯ ಉತ್ತರದ ಗಡಿಗೆ ತಾಗಿದಂತಿರುವ ಶಿರೋಡೆಯಲ್ಲಿಯೂ ಅದೇ ವರ್ಷ ಸತ್ಯಾಗ್ರಹವು ನಡೆಯಿತು. ಐವತ್ತನ್ನು ದಾಟಿದ ಕೋಸಂಬಿಯವರು ಅಲ್ಲಿ ಸ್ವಯಂಸೇವಕರಾಗಿ ಸೇರಿದರು. ಬಳಿಕ ಮುಂಬಯಿಯ ವಿಲೆ ಪಾರ್ಲೆ ಶಿಬಿರದ ಹೊಣೆಯನ್ನು ಹೊತ್ತು ಸೆರೆಮನೆಯನ್ನೂ ಕಂಡರು. 1937ರಲ್ಲಿ ಗಿರಣಿ ಕಾರ್ಮಿಕರ ನೆಲೆಯಾದ ಮುಂಬಯಿಯ ಪರೇಲಿನಲ್ಲಿ, ಜುಗಲಕಿಶೋರ ಬಿರ್ಲಾ ಅವರ ಧನಸಹಾಯದಿಂದ ಕಟ್ಟಿದ ಬಹುಜನ ವಿಹಾರದಲ್ಲಿ ನೆಲಸಿ ಶ್ರಮಜೀವಿಗಳ ನಡುವೆ ಕೆಲಸ ಮಾಡಿದರು.

ಅವರ ಬರವಣಿಗೆಯಲ್ಲಿ ಭಗವಾನ್ ಬುದ್ಧ ಎಂಬ ಗ್ರಂಥವು ಪ್ರಧಾನವಾದದ್ದು. ಇದು ಮರಾಠಿಯಿಂದ ಇತರ ಭಾರತೀಯ ಭಾಷೆಗಳಿಗೂ ಅನುವಾದಗೊಂಡಿದೆ. ಮುದುಕ, ರೋಗಿ, ಶವ, ಸನ್ಯಾಸಿಯರನ್ನು ಒಂದೊಂದಾಗಿ ಕಂಡು ಸಿದ್ಧಾರ್ಥನು ಅರಮನೆಯನ್ನು ಬಿಟ್ಟನೆಂಬ ಪ್ರಸಿದ್ಧ ಕಥೆಯನ್ನು ಅವರು ಅದರಲ್ಲಿ ಇತಿಹಾಸವೆಂದು ಒಪ್ಪಲಿಲ್ಲ. ರೋಹಿಣೀ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ನಡೆದ ಕಲಹವು ಆ ತರುಣನ ಮನಸ್ಸನ್ನು ಕಲಕಿದುದನ್ನು ಎತ್ತಿ ತೋರಿಸಿದರು. ತಾನೇ ಮನೆ ಬಿಟ್ಟವನು ಮಾತ್ರ ಮತ್ತೊಬ್ಬನ ಗೃಹತ್ಯಾಗದ ಕಾರಣವನ್ನು ಇಷ್ಟು ಕಟ್ಟುನಿಟ್ಟಾಗಿ ಶೋಧಿಸಬಲ್ಲನೇನೋ. ತಮ್ಮ ಬಾಳಿನ ಮೊದಲ ಭಾಗವನ್ನು ನಿವೇದನ ಎಂಬ ಆತ್ಮಕಥೆಯಲ್ಲಿ ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅದು 1924ರಲ್ಲಿ ಪುಸ್ತಕವಾಗಿ ಹೊರಬಂದಿತು.

ಕೊನೆಯ ದಿನಗಳು

ವೃದ್ಧಾಪ್ಯದಲ್ಲಿ ದೇಹವು ಸೋತಿತು. ಇತರರಿಗೆ ಉಪಯೋಗವಾಗದ ಶರೀರವನ್ನು ಉಪವಾಸದಿಂದ ಬಿಡುವುದು ಯುಕ್ತವೆಂದು ಬಗೆದು 1946ರಲ್ಲಿ ಉಪವಾಸವನ್ನು ಕೈಕೊಂಡರು. ಗಾಂಧೀಜಿಯವರ ಮಾತಿಗೆ ಒಪ್ಪಿ ಅದನ್ನು ನಿಲ್ಲಿಸಿದರು. ಆದರೆ ಆರೋಗ್ಯವು ಮರಳಲಿಲ್ಲ. ವಾರ್ಧಾದ ಬಳಿಯ ಸೇವಾಗ್ರಾಮ ಆಶ್ರಮದಲ್ಲಿ ಮತ್ತೆ ಆಹಾರವನ್ನು ತ್ಯಜಿಸಿ 1947ರ ಜೂನ್ 4ರಂದು ಶಾಂತರಾಗಿ ದೇಹವಿಟ್ಟರು. ಗಾಂಧೀಜಿಯವರು ದಿಲ್ಲಿಯ ಪ್ರಾರ್ಥನಾಸಭೆಯಲ್ಲಿ ಅವರನ್ನು ಗೌರವದಿಂದ ಸ್ಮರಿಸಿದರು. ಈ ಅಂತ್ಯವನ್ನು ಕುರಿತು ಓದುಗರು ಏನೇ ಅಭಿಪ್ರಾಯ ತಾಳಬಹುದು. ಅನುಕರಿಸಬೇಕಾದುದು ಅವರ ಬಾಳನ್ನೇ ಹೊರತು ಆ ಅಂತ್ಯವನ್ನಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದುದು ಎರಡೂವರೆ ತಿಂಗಳ ತರುವಾಯ. ಹುಟ್ಟಿದ ಗೋವೆಯು ಬಿಡುಗಡೆಯಾದುದು 1961ರಲ್ಲಿ. ನಾಲ್ಕು ಬಾರಿ ಕಡಲು ದಾಟಿ ಸಿದ್ಧಪಡಿಸಿದ ವಿಸುದ್ಧಿಮಗ್ಗವು ಹಾರ್ವರ್ಡಿನ ಪ್ರಾಚ್ಯ ಗ್ರಂಥಮಾಲೆಯಲ್ಲಿ, ವಾರನ್ ಅವರ ಹೆಸರಿನೊಡನೆ ಕೋಸಂಬಿಯವರ ಹೆಸರನ್ನೂ ಹೊತ್ತು ಪ್ರಕಟವಾದುದು 1950ರಲ್ಲಿ. ಈ ಮೂರನ್ನೂ ಅವರು ಕಣ್ಣಾರೆ ಕಾಣಲಿಲ್ಲ.

ನಮ್ಮ ಮನೆಗಳಲ್ಲಿ ಮಗನಾಗಲಿ ಮಗಳಾಗಲಿ ಹತ್ತನೆಯ ತರಗತಿಯನ್ನು ಮುಗಿಸಿದೊಡನೆ ಮುಂದೇನೆಂಬ ಪ್ರಶ್ನೆ ಏಳುತ್ತದೆ. ಪರನಾಡಿನಲ್ಲಿ ಕನ್ನಡದಲ್ಲಿ ಓದಿದ ಮಕ್ಕಳಿಗೆ ಆ ಪ್ರಶ್ನೆಯು ಇನ್ನೂ ಕಠಿನ. ಈ ಓದಿನಿಂದ ಏನಾದೀತೆಂದು ಕೇಳುವವರೇ ಹೆಚ್ಚು. ಉತ್ತರವು ಆ ಕ್ಷಣದಲ್ಲಿಯೇ ಪೂರ್ಣವಾಗಿ ಹೊಳೆಯದಿದ್ದರೆ ಅದು ಮಗುವಿನ ದೋಷವಲ್ಲ. ಮನೆಮಾತಿನ ನೆರೆಯ ಭಾಷೆಯೊಂದರಲ್ಲಿ ಅಲ್ಪಸ್ವಲ್ಪ ಓದಿದ್ದ ಸಾಂಕವಾಳದ ತರುಣನಿಗೂ ಆ ಉತ್ತರವು ತಿಳಿದಿರಲಿಲ್ಲ. ತನಗೆ ಪ್ರಿಯವಾದ ಒಂದು ದಿಕ್ಕನ್ನು ಬಿಡದೆ, ತಪ್ಪಿದ ದಾರಿಯನ್ನು ತಿದ್ದಿಕೊಳ್ಳುತ್ತ, ಮುಂದಿನ ಒಂದೊಂದು ಹೆಜ್ಜೆಯನ್ನು ಮಾತ್ರ ನಿಶ್ಚಯಿಸುತ್ತ ಅವರು ನಡೆದರು. ಅವರ ಬಾಳಿನಿಂದ ನಾವು ಕಲಿಯಬೇಕಾದ ಪಾಠವು ಇದೇ.

ಹೆತ್ತವರು ಕಲಿಯಬೇಕಾದುದೂ ಒಂದಿದೆ. ಧರ್ಮಾನಂದರು ಮನೆಯನ್ನು ಬಿಟ್ಟೇ ವಿದ್ಯೆಯನ್ನು ಸಂಪಾದಿಸಬೇಕಾಯಿತು. ಆ ದುಃಖವನ್ನು ಬಾಳಾಬಾಯಿಯವರು ಉಂಡರು. ಮನೆಯೇ ಮಗುವಿನ ಹಂಬಲಕ್ಕೆ ಬೆನ್ನಾಗಿ ನಿಂತರೆ ಅಂತಹ ಅಗಲಿಕೆಯ ಅಗತ್ಯವೇ ಬೀಳದು. ಮುಂದಿನ ಸಲ ಸಾಂಕವಾಳದ ಹಾದಿಯಲ್ಲಿ ಹೋಗುವಾಗ ಮಕ್ಕಳಿಗೆ ಆ ತೆಂಗಿನ ತೋಟಗಳನ್ನು ತೋರಿಸಿ ಈ ಕಥೆಯನ್ನು ಹೇಳಿರಿ. ಹೇಳಿದ ಮೇಲೆ ಅವರ ಮನಸ್ಸಿನಲ್ಲಿ ಏನಿದೆಯೆಂದು ಕೇಳಿ ತಿಳಿಯಿರಿ.